ಚೀನಾದ ಸಿಡಿತಲೆಗಳೂ ನಮ್ಮ ಕಡಲತಡಿಯೂ

ಮಂಗಳೂರಿನಿಂದ ರೋಹಾದವರೆಗಿನ ಕೊಂಕಣ ರೈಲುಹಳಿ ಪೂರ್ತಿಯಾಗಿ ಓಡಾಟಕ್ಕೆ ತೆರೆದದ್ದು 1998ರ ಜನವರಿಯಲ್ಲಿ. ಬಾರ್ಕೂರು, ಕುಂದಾಪುರ, ಬೈಂದೂರಿನ ಜನ ತಮ್ಮೂರಿನಲ್ಲೇ ಮುಂಬೈ ರೈಲು ಹತ್ತುವಂತಾದದ್ದರ ಹಿಂದೆ ಮಂಗಳೂರಿನ ಜಾರ್ಜ್ ಫರ್ನಾಂಡಿಸರ ಹಠವಿತ್ತು. ಇದನ್ನು ಇಲ್ಲಿಯವರು ಮರೆತಿಲ್ಲ. ಅದೇ ವರ್ಷ ಮಾರ್ಚಿನಲ್ಲಿ ಜಾರ್ಜ್ ರಕ್ಷಣಾ ಸಚಿವರಾದರು. ಮೇ ಮೊದಲ ವಾರ ಟಿವಿ ಸಂದರ್ಶನವೊಂದರಲ್ಲಿ ಅವರು, ಭಾರತಕ್ಕೆ ಮುಂದೆ ಎದುರಾಗಬಹುದಾದ ಅಪಾಯಗಳಲ್ಲಿ ಮೊದಲನೆಯದು ಚೀನಾ ಎಂದರು. ಬೀಜಿಂಗ್ ಕೆರಳಿತು, ದೆಹಲಿಯಲ್ಲೂ ಹಲವರು ಹುಬ್ಬುಗಂಟಿಕ್ಕಿದರು. ಅದಾಗಿ ವಾರ ಕಳೆದಿತ್ತಷ್ಟೆ, ಮೇ 11 ಮತ್ತು 13ರಂದು ಪೋಖ್ರಾನ್‌ನಲ್ಲಿ ಐದು ಅಣುಸ್ಫೋಟಗಳಾದವು. ಅಲ್ಲಿಯವರೆಗೆ ಅಣುಬಾಂಬನ್ನು ವಿರೋಧಿಸುತ್ತ ಬಂದಿದ್ದ ಆ ಹಳೆಯ ಸಮಾಜವಾದಿ ಈಗ ಅದಕ್ಕೆ ರಕ್ಷಣಾ ಸಚಿವರಾಗಿ ನಿಂತಿದ್ದರು.

ಚೀನಾದ ಕುರಿತು ಜಾರ್ಜ್ ಹೇಳಿದ್ದು ಒರಟಾಗಿ ಕೇಳಿಸಿದರೂ ಸುಳ್ಳಾಗಿರಲಿಲ್ಲ. ಆದರೆ ಅವರು ಕಂಡ ಚೀನಾ ಬೇರೆ, ಇಂದಿನ ಚೀನಾ ಬೇರೆ. 1964ರ ಅಕ್ಟೋಬರ್ 16ರಂದು ಲೋಪ್ ನೋರ್ ಮರುಭೂಮಿಯಲ್ಲಿ ಮೊದಲ ಬಾಂಬು ಸಿಡಿಸಿದ ದಿನವೇ ಆ ದೇಶ, ಯಾವ ಸಂದರ್ಭದಲ್ಲೂ ತಾನು ಮೊದಲು ಅಣ್ವಸ್ತ್ರ ಬಳಸುವುದಿಲ್ಲ ಎಂದು ವಚನ ಕೊಟ್ಟಿತ್ತು. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಹತ್ತಾರು ಸಾವಿರ ಸಿಡಿತಲೆಗಳನ್ನು ಗುಡ್ಡೆ ಹಾಕಿದ ಕಾಲದಲ್ಲೂ ಚೀನಾ ಕೆಲವೇ ನೂರರಲ್ಲಿ ನಿಂತಿತ್ತು. ಹೊಡೆಸಿಕೊಂಡ ಮೇಲೂ ತಿರುಗಿ ಹೊಡೆಯಲು ಅಷ್ಟು ಸಾಕು ಎಂಬುದು ಅದರ ಲೆಕ್ಕಾಚಾರ.

ಆ ಲೆಕ್ಕಾಚಾರ ಬದಲಾಗಿದೆ ಎಂಬುದು ಲೋಕಕ್ಕೆ ಗೊತ್ತಾದದ್ದು 2021ರ ಬೇಸಗೆಯಲ್ಲಿ. ಅಮೆರಿಕದ ಸಂಶೋಧಕರು ಖಾಸಗಿ ಉಪಗ್ರಹದ ಚಿತ್ರಗಳನ್ನು ಪರಿಶೀಲಿಸುತ್ತಿದ್ದಾಗ ಗಾನ್ಸು ಪ್ರಾಂತ್ಯದ ಯುಮೆನ್ ಊರಿನ ಆಚೆಯ ಮರಳುಗಾಡಿನಲ್ಲಿ, ಒಂದರಿಂದ ಇನ್ನೊಂದಕ್ಕೆ ಸುಮಾರು ಮೂರು ಕಿಲೋಮೀಟರ್ ಅಂತರವಿಟ್ಟು ಸಾಲುಸಾಲಾಗಿ ಎಬ್ಬಿಸಿದ ಡೇರೆಯಂಥ ಮುಚ್ಚಿಗೆಗಳು ಕಂಡವು. ಅವುಗಳಡಿಯಲ್ಲಿ ಖಂಡಾಂತರ ಕ್ಷಿಪಣಿಗಳನ್ನು ಇಳಿಸಿಡುವ ಬಾವಿಗಳನ್ನು ತೋಡುತ್ತಿದ್ದರು. ಅಂಥವು ಸುಮಾರು 120. ಕೆಲವೇ ವಾರಗಳಲ್ಲಿ ಶಿನ್‌ಜಿಯಾಂಗ್‌ನ ಹಾಮಿ ಬಳಿ ಇನ್ನೊಂದು ಬಯಲು, ಒಳಮಂಗೋಲಿಯಾದ ಓರ್ಡೋಸ್ ಬಳಿ ಮತ್ತೊಂದು ಬಯಲು ಪತ್ತೆಯಾದವು. ಮೂರೂ ಸೇರಿ ಬಾವಿಗಳ ಸಂಖ್ಯೆ 300 ದಾಟುತ್ತದೆ. ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಚೀನಾದ ಬಳಿ ಇದ್ದದ್ದು 320 ಸಿಡಿತಲೆಗಳು. 2025ರ ಜನವರಿಯಲ್ಲಿ ಕನಿಷ್ಠ 600. ಈ ಅವಧಿಯಲ್ಲಿ ಭಾರತ 150ರಿಂದ 180ಕ್ಕೆ ಬಂದಿದೆ, ಪಾಕಿಸ್ತಾನದ್ದು 170. 2030ರ ಹೊತ್ತಿಗೆ ಚೀನಾ ಸಾವಿರ ದಾಟುತ್ತದೆ ಎಂಬುದು ಅಮೆರಿಕದ ರಕ್ಷಣಾ ಇಲಾಖೆಯ ಅಂದಾಜು. 2024ರ ಸೆಪ್ಟೆಂಬರ್‌ನಲ್ಲಿ ಚೀನಾ ನಾಲ್ಕು ದಶಕಗಳ ಬಳಿಕ ಮೊದಲ ಬಾರಿಗೆ ಪೆಸಿಫಿಕ್ ಸಾಗರದ ಮೇಲೆ ಖಂಡಾಂತರ ಕ್ಷಿಪಣಿ ಹಾರಿಸಿತು. ಮರುವರ್ಷ ಸೆಪ್ಟೆಂಬರ್ 3ರ ಬೀಜಿಂಗ್ ಮೆರವಣಿಗೆಯಲ್ಲಿ ನೆಲ, ನೀರು, ಆಕಾಶ ಮೂರರಿಂದಲೂ ಎಸೆಯಬಲ್ಲ ಅಣ್ವಸ್ತ್ರಗಳನ್ನು ಒಟ್ಟಿಗೆ ತೋರಿಸಿತು.

ಈ ಸಿದ್ಧತೆ ಯಾರ ವಿರುದ್ಧ? ಮುಖ್ಯವಾಗಿ ಅಮೆರಿಕದ ವಿರುದ್ಧ. ತೈವಾನ್ ವಿಚಾರದಲ್ಲಿ ಅಮೆರಿಕ ಅಡ್ಡ ಬಂದರೆ ಅದನ್ನು ಹೆದರಿಸಿ ನಿಲ್ಲಿಸಬೇಕು, ಅದರ ಕ್ಷಿಪಣಿತಡೆ ವ್ಯವಸ್ಥೆಯನ್ನು ಸೀಳಿ ಹೋಗಬೇಕು ಎಂಬುದು ಆ ಬಾವಿಗಳ ಹಿಂದಿನ ಉದ್ದೇಶ. ಭಾರತವನ್ನು ಮುಟ್ಟಲು ಚೀನಾಕ್ಕೆ ಹೊಸ ಬಾವಿಗಳ ಅಗತ್ಯವೇ ಇಲ್ಲ. ಲಾರಿಯ ಮೇಲೆ ಸಾಗುವ ಡಿಎಫ್-26 ಕ್ಷಿಪಣಿಯ ವ್ಯಾಪ್ತಿ ಸುಮಾರು 4,000 ಕಿಲೋಮೀಟರ್. ಅದನ್ನು ಪಶ್ಚಿಮ ಚೀನಾದಲ್ಲಿ ನಿಲ್ಲಿಸಿದರೆ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಯಾವ ಊರೂ ಹೊರಗುಳಿಯುವುದಿಲ್ಲ. ಅದು ಸಾಮಾನ್ಯ ಸಿಡಿತಲೆಯನ್ನೂ ಹೊರುತ್ತದೆ, ಅಣು ಸಿಡಿತಲೆಯನ್ನೂ ಹೊರುತ್ತದೆ. ಹಾರಿ ಬರುತ್ತಿರುವುದು ಯಾವುದೆಂದು ಬೀಳುವ ತನಕ ಗೊತ್ತಾಗುವಂತಿಲ್ಲ.

ಹಾಗಾದರೆ 600 ಆದರೇನು, ಸಾವಿರ ಆದರೇನು, ನಮಗೆ ಹೊಸದಾಗಿ ಬಂದ ಕಷ್ಟವೇನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ನನಗೆ ಕಾಣುವ ಉತ್ತರ ಇದು. 2020ರ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಸೈನಿಕರು ಸತ್ತಾಗ ಎರಡೂ ಕಡೆಯವರ ಕೈಯಲ್ಲಿದ್ದದ್ದು ಕಲ್ಲು, ದೊಣ್ಣೆ, ಮೊಳೆ ಬಡಿದ ಸಲಾಕೆ. ಎರಡು ಅಣ್ವಸ್ತ್ರ ದೇಶಗಳು ಗುಂಡು ಹಾರಿಸದೆ ಕಾದಾಡಿದವು. ಆ ಸಂಯಮದ ಹಿಂದೆ ಒಪ್ಪಂದಗಳಿದ್ದವು, ಜೊತೆಗೆ ಜಗಳ ಕೈಮೀರಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂಬ ಭಯ ಇಬ್ಬರಲ್ಲೂ ಇತ್ತು. ಒಂದು ಕಡೆಯ ಬಲ ನಮ್ಮದರ ಐದಾರು ಪಟ್ಟಾದರೆ, ಅದರ ಜೊತೆ ಗುರಿ ತಪ್ಪದ ಕ್ಷಿಪಣಿಗಳೂ ಕ್ಷಿಪಣಿತಡೆ ಜಾಲವೂ ಸೇರಿದರೆ, ಆ ಕಡೆಯವರ ಭಯ ಕಡಿಮೆಯಾಗುತ್ತದೆ. ಮುಂದಿನ ಗಾಲ್ವಾನ್‌ನಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದಿಡಬಹುದು. ಬಾಂಬು ಎಲ್ಲೂ ಬೀಳದೆಯೇ ಗಡಿಯ ಮಾತುಕತೆಯ ಮೇಜಿನಲ್ಲಿ ನಮ್ಮ ಮಾತಿನ ತೂಕ ಇಳಿಯುತ್ತದೆ. ಅಪಾಯ ಮೊದಲು ಕಾಣಿಸಿಕೊಳ್ಳುವುದು ಹೀಗೆ.

ಇನ್ನೊಂದು ಅಪಾಯ ಹೆಚ್ಚು ಗಾಬರಿ ಹುಟ್ಟಿಸುವಂಥದ್ದು. ಚೀನಾ ಮೊದಲೆಲ್ಲ ಸಿಡಿತಲೆಗಳನ್ನು ಕ್ಷಿಪಣಿಗಳಿಂದ ಬೇರ್ಪಡಿಸಿ ಇಡುತ್ತಿತ್ತು. ಈಗ ಶತ್ರುವಿನ ಕ್ಷಿಪಣಿ ಹೊರಟ ಸುಳಿವು ಸಿಕ್ಕ ಕೂಡಲೇ, ಅದು ಬಂದು ಬೀಳುವ ಮೊದಲೇ ತನ್ನದನ್ನು ಹಾರಿಸುವ ವ್ಯವಸ್ಥೆಯತ್ತ ಸಾಗುತ್ತಿದೆ. ಅಂದರೆ ರಾಡಾರಿನ ಮುಂದೆ ಕೂತವನಿಗೆ ನಿರ್ಧಾರಕ್ಕೆ ಉಳಿಯುವುದು ಕೆಲವೇ ನಿಮಿಷ. 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಅಧಿಕಾರಿ ಸ್ತಾನಿಸ್ಲಾವ್ ಪೆಟ್ರೋವ್, ಯಂತ್ರ ತೋರಿಸಿದ ಅಮೆರಿಕನ್ ದಾಳಿಯನ್ನು ನಂಬದೆ ಸುಮ್ಮನೆ ಕೂತದ್ದರಿಂದ ಜಗತ್ತು ಉಳಿಯಿತು. ದೂರದ ಉದಾಹರಣೆ ಏಕೆ? 2022ರ ಮಾರ್ಚ್ 9ರಂದು ನಮ್ಮದೇ ಬ್ರಹ್ಮೋಸ್ ಕ್ಷಿಪಣಿಯೊಂದು ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಬಳಿ ಬಿತ್ತು. ಅದರಲ್ಲಿ ಸಿಡಿತಲೆ ಇರಲಿಲ್ಲ, ಪಾಕಿಸ್ತಾನವೂ ತಾಳ್ಮೆ ಕಳೆದುಕೊಳ್ಳಲಿಲ್ಲ. ವಾಯುಪಡೆಯ ಮೂವರು ಅಧಿಕಾರಿಗಳು ಕೆಲಸ ಕಳೆದುಕೊಂಡರು. ಇಂಥದೇ ತಪ್ಪು, ಸುಳಿವು ಸಿಕ್ಕೊಡನೆ ಹೊಡೆಯಲು ಸಜ್ಜಾದ ದೇಶದತ್ತ ನಡೆದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ.

ಇಷ್ಟು ಕೇಳಿದ ಮೇಲೆ ಹಲವರ ಬಾಯಲ್ಲಿ ಬರುವ ಮಾತು, ನಾವೂ ಹೆಚ್ಚಿಸೋಣ ಎಂಬುದು. 1999ರ ಆಗಸ್ಟ್‌ನಲ್ಲಿ ಕರಡಾಗಿ ಬಂದು 2003ರ ಜನವರಿ 4ರಂದು ಅಧಿಕೃತವಾದ ನಮ್ಮ ಅಣುನೀತಿಯ ಬುಡದಲ್ಲಿರುವ, ಮೊದಲು ಬಳಸುವುದಿಲ್ಲ ಎಂಬ ವಚನವನ್ನೂ ಬಿಟ್ಟುಬಿಡೋಣ ಎನ್ನುವವರಿದ್ದಾರೆ. 2019ರ ಆಗಸ್ಟ್ 16ರಂದು ಪೋಖ್ರಾನ್‌ನಲ್ಲೇ ನಿಂತು ರಕ್ಷಣಾ ಸಚಿವ ರಾಜನಾಥ್ ಸಿಂಗ್, ಇಂದಿನವರೆಗೆ ಆ ನೀತಿ ಇದೆ, ಮುಂದಿನದು ಸಂದರ್ಭಕ್ಕೆ ಬಿಟ್ಟದ್ದು ಎಂಬರ್ಥದ ಮಾತಾಡಿದರು. ಈ ಎರಡು ಸಲಹೆಗಳೂ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಣಿಕೆಯ ಪೈಪೋಟಿ ಏನು ಮಾಡುತ್ತದೆಂದು ಗಂಗೊಳ್ಳಿ ಬಂದರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಬ್ಬ ತನ್ನ ಟ್ರಾಲ್‌ಬೋಟಿಗೆ ಹೆಚ್ಚು ಎಚ್‌ಪಿಯ ಎಂಜಿನ್ ಹಾಕಿಸಿದ, ಪಕ್ಕದವನು ಅದಕ್ಕೂ ದೊಡ್ಡದು ಹಾಕಿಸಿದ. ನೂರು ಚಿಲ್ಲರೆ ಎಚ್‌ಪಿಯಲ್ಲಿ ನಡೆಯುತ್ತಿದ್ದ ಕಸುಬು 350, 400ಕ್ಕೆ ಏರಿತು. ಕಡಲಿನಲ್ಲಿ ಮೀನು ಹೆಚ್ಚಲಿಲ್ಲ, ಡೀಸೆಲ್ ಖರ್ಚು ಮತ್ತು ಬ್ಯಾಂಕಿನ ಸಾಲ ಹೆಚ್ಚಿದವು. ಚೀನಾದ ಜೊತೆ ಸಿಡಿತಲೆಗಳ ಲೆಕ್ಕದಲ್ಲಿ ಸ್ಪರ್ಧಿಸಿದರೆ ನಮಗಾಗುವುದೂ ಅದೇ. ಅಲ್ಲದೆ ಇದು ಇಬ್ಬರ ಪಂದ್ಯವಲ್ಲ. ಚೀನಾ ಅಮೆರಿಕವನ್ನು ನೋಡಿ ಹೆಚ್ಚಿಸುತ್ತದೆ, ನಾವು ಚೀನಾವನ್ನು ನೋಡಿ ಹೆಚ್ಚಿಸಿದರೆ ಪಾಕಿಸ್ತಾನ ನಮ್ಮನ್ನು ನೋಡಿ ಹೆಚ್ಚಿಸುತ್ತದೆ. ಕೊನೆಯಲ್ಲಿ ನಮ್ಮ ಎರಡೂ ಗಡಿಗಳಲ್ಲಿ ಮೊದಲಿಗಿಂತ ಹೆಚ್ಚು ಬಾಂಬುಗಳಿರುತ್ತವೆ, ಮೊದಲಿಗಿಂತ ಕಡಿಮೆ ನೆಮ್ಮದಿ ಇರುತ್ತದೆ.

ಮೊದಲು ಬಳಸುವ ಹಕ್ಕು ನಮಗಿದೆ ಎಂದು ಸಾರಿದರಂತೂ, ಬಿಕ್ಕಟ್ಟಿನ ಹೊತ್ತಿನಲ್ಲಿ ಎದುರಾಳಿ ನಮ್ಮ ಕೈ ಏಳುವ ಮೊದಲೇ ಹೊಡೆಯಲು ಹೊಂಚುತ್ತಾನೆ. ನಮ್ಮ 180ರಿಂದ ಅವರ 600ನ್ನು ಮೊದಲೇ ನಾಶ ಮಾಡಲು ಆಗದು. ಮಾಡಲಾಗದ ಕೆಲಸದ ಬೆದರಿಕೆ ಹಾಕಿ ಅದರ ಅಪಾಯವನ್ನು ಮಾತ್ರ ಮೈಮೇಲೆ ಎಳೆದುಕೊಳ್ಳುವುದು ಯಾವ ಜಾಣತನ?

ನಮಗೆ ಬೇಕಾದದ್ದು ಏಟು ತಿಂದ ಮೇಲೂ ಉಳಿಯುವ, ಉಳಿದು ಉತ್ತರ ಕೊಡುವ ಶಕ್ತಿ. ಅದು ಇರುವುದು ನೀರಿನಡಿಯಲ್ಲಿ. ಬಾವಿಯಲ್ಲಿಟ್ಟ ಕ್ಷಿಪಣಿಯನ್ನು ಉಪಗ್ರಹ ಕಾಣುತ್ತದೆ, ಸಾಗರದಾಳದ ಜಲಾಂತರ್ಗಾಮಿಯನ್ನು ಹುಡುಕುವುದು ಬಲು ಕಷ್ಟ. 2016ರಲ್ಲಿ ಸೇವೆಗೆ ಸೇರಿದ ಅರಿಹಂತ್ 2018ರ ನವೆಂಬರ್ ಹೊತ್ತಿಗೆ ತನ್ನ ಮೊದಲ ಅಣ್ವಸ್ತ್ರ ಗಸ್ತು ಮುಗಿಸಿತು. 2024ರ ಆಗಸ್ಟ್ 29ರಂದು ವಿಶಾಖಪಟ್ಟಣದಲ್ಲಿ ಅರಿಘಾತ್ ಸೇರಿತು, ಅದರ ಹಿಂದೆ ಅರಿಧಮನ್. ಆರಂಭದಲ್ಲಿ ಅರಿಹಂತ್‌ಗೆ ಸಿಕ್ಕಿದ ಕೆ-15 ಕ್ಷಿಪಣಿಯ ವ್ಯಾಪ್ತಿ ಬರೀ 750 ಕಿಲೋಮೀಟರ್. ಬಂಗಾಳ ಕೊಲ್ಲಿಯಲ್ಲಿ ನಿಂತು ಅದರಿಂದ ಚೀನಾದ ದೊಡ್ಡ ನಗರಗಳನ್ನು ಮುಟ್ಟುವಂತಿಲ್ಲ. 3,500 ಕಿಲೋಮೀಟರಿನ ಕೆ-4 ಅರಿಘಾತ್‌ನಿಂದ ಹಾರಿದ್ದು 2024ರ ನವೆಂಬರ್‌ನಲ್ಲಿ. ಒಂದು ಜಲಾಂತರ್ಗಾಮಿ ಸದಾ ಕಡಲಲ್ಲಿರಬೇಕಾದರೆ ಒಟ್ಟು ಮೂರು ನಾಲ್ಕು ಬೇಕು, ಯಾಕೆಂದರೆ ಒಂದು ದುರಸ್ತಿಯಲ್ಲಿರುತ್ತದೆ, ಇನ್ನೊಂದು ತರಬೇತಿಯಲ್ಲಿ ಅಥವಾ ಹೋಗಿಬರುವ ದಾರಿಯಲ್ಲಿ. ರಕ್ಷಣೆಯ ಹಣ ಹೋಗಬೇಕಾದದ್ದು ಇಲ್ಲಿಗೆ. ಇದರ ಜೊತೆಗೆ, ದಾಳಿಯ ನಡುವೆಯೂ ಪ್ರಧಾನಿಯ ಆದೇಶ ಆ ಹಡಗಿಗೆ ತಲುಪುವಂಥ ಸಂಪರ್ಕ ಜಾಲಕ್ಕೆ. ಸಿಡಿತಲೆ 180 ಇದ್ದದ್ದು 400 ಆಗುವುದಕ್ಕಿಂತ, ಇರುವುದರಲ್ಲಿ ಕೆಲವು ಸದಾ ಶತ್ರುವಿನ ಕಣ್ಣಿಗೆ ಬೀಳದಂತಿರುವುದು ಹೆಚ್ಚು ಮುಖ್ಯ.

ಇದನ್ನು ಕುಂದಾಪುರದ ಕಡೆಯಿಂದ ಬರೆಯಲು ಕಾರಣವಿದೆ. ಈ ಸಿದ್ಧತೆಯ ಭಾರದಲ್ಲಿ ದೊಡ್ಡ ಪಾಲನ್ನು ಕರ್ನಾಟಕ ಹೊತ್ತಿದೆ. ಜಲಾಂತರ್ಗಾಮಿಯ ರಿಯಾಕ್ಟರಿಗೆ ಬೇಕಾದ ಯುರೇನಿಯಂ ಸಂವರ್ಧನೆಯಾಗುವುದು ಮೈಸೂರು ಬಳಿಯ ರತ್ನಹಳ್ಳಿಯಲ್ಲಿ. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸುಮಾರು ಹತ್ತು ಸಾವಿರ ಎಕರೆ ರಕ್ಷಣೆ, ಅಣುಶಕ್ತಿ, ವಿಜ್ಞಾನ ಸಂಸ್ಥೆಗಳ ಪಾಲಾಯಿತು, ದನ ಕುರಿ ಮೇಯಿಸುತ್ತಿದ್ದವರು ಬೇಲಿಯ ಹೊರಗೆ ನಿಂತರು. ಕಾರವಾರ ಅಂಕೋಲೆಯ ನಡುವೆ 2005ರ ಮೇ 31ರಂದು ಕದಂಬ ನೌಕಾನೆಲೆ ಸೇವೆಗೆ ಬಂದಾಗ ಅದರ ಹಿಂದೆ ನೆಲ ಬಿಟ್ಟುಕೊಟ್ಟ ಸಾವಿರಾರು ಕುಟುಂಬಗಳಿದ್ದವು, ಅವರಲ್ಲಿ ಬಹಳ ಮಂದಿ ಮೀನುಗಾರರು ಮತ್ತು ರೈತರು. ನೌಕಾನೆಲೆ ಬೇಡವಿತ್ತು ಎಂದು ನಾನು ಹೇಳುವುದಿಲ್ಲ. ಚೀನಾದ ಜಲಾಂತರ್ಗಾಮಿಗಳು 2014ರಲ್ಲಿ ಎರಡು ಬಾರಿ ಕೊಲಂಬೊ ಬಂದರಿಗೆ ಬಂದು ನಿಂತಿವೆ. 2017ರಲ್ಲಿ ಜಿಬೂಟಿಯಲ್ಲಿ ಚೀನಾದ ನೌಕಾನೆಲೆ ತೆರೆದಿದೆ. ಪಾಕಿಸ್ತಾನ ಚೀನಾದಿಂದ ಎಂಟು ಜಲಾಂತರ್ಗಾಮಿಗಳನ್ನು ಪಡೆಯುವ ಒಪ್ಪಂದ ಮಾಡಿಕೊಂಡಿದೆ, ಅವು ಓಡಾಡುವುದು ನಮ್ಮದೇ ಅರಬ್ಬೀ ಸಮುದ್ರದಲ್ಲಿ. ಗಂಗೊಳ್ಳಿಯಿಂದ ಹೊರಟು ಎಂಟು ಹತ್ತು ದಿನ ಆಳಸಮುದ್ರದಲ್ಲಿ ಬಲೆ ಎಳೆಯುವ ಬೋಟು ಇನ್ನು ಮುಂದೆ ಹೆಚ್ಚು ಹೆಚ್ಚು ಯುದ್ಧನೌಕೆಗಳಿರುವ ಕಡಲಲ್ಲಿ ದುಡಿಯಬೇಕು. ಕದಂಬ ನೌಕಾನೆಲೆಯ ಸುತ್ತಲ ನೀರಿಗೆ ಮೀನುಗಾರರು ಇಳಿಯುವಂತಿಲ್ಲ. ಇದೆಲ್ಲ ಅನಿವಾರ್ಯವಿರಬಹುದು. ಆದರೆ ಯಾವ ಅಪಾಯಕ್ಕಾಗಿ, ಎಷ್ಟು ಕಾಲ, ಯಾವ ಪರಿಹಾರಕ್ಕೆ ಎಂದು ಕೇಳುವ ಹಕ್ಕು ಆ ಕಡಲನ್ನು ನಂಬಿದವರಿಗಿದೆ.

ಆ ಹಕ್ಕನ್ನು ಕರಾವಳಿಯಲ್ಲಿ ಬಹಳ ಹಿಂದೆಯೇ ಗಟ್ಟಿದನಿಯಲ್ಲಿ ಕೇಳಿದವರು ಕೋಟ ಶಿವರಾಮ ಕಾರಂತರು. ಹುಟ್ಟಿದ್ದು ಇಂದಿನ ಬ್ರಹ್ಮಾವರ ತಾಲೂಕಿನ ಕೋಟದಲ್ಲಿ, ಕೊನೆಯ ವರ್ಷಗಳನ್ನು ಕಳೆದದ್ದು ಪಕ್ಕದ ಸಾಲಿಗ್ರಾಮದಲ್ಲಿ. ಕಾಳಿ ನದಿಯ ದಡದ ಕೈಗಾದಲ್ಲಿ ಅಣುಸ್ಥಾವರ ಬೇಡವೆಂದು ವಾದಿಸಿ, 1989ರಲ್ಲಿ, ತಮ್ಮ 87ನೇ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಸ್ಥಾವರ ಬಂದೇ ಬಂತು. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. 2009ರ ನವೆಂಬರ್‌ನಲ್ಲಿ ಯಾರೋ ಒಳಗಿನವರೇ ಸಿಬ್ಬಂದಿಯ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಇದ್ದ ನೀರು ಬೆರೆಸಿದ್ದು ಬಯಲಾಯಿತು. ಅದೇ ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು ಎಂಬುದನ್ನೂ ಹೇಳಲೇಬೇಕು. ಅದನ್ನು ನಡೆಸಿದ ಎಂಜಿನಿಯರುಗಳ ಸಾಮರ್ಥ್ಯ ಸಣ್ಣದಲ್ಲ. ಆದರೂ ಕಾರಂತರ ಪ್ರಶ್ನೆಯ ಒಂದು ಭಾಗ ಇನ್ನೂ ಬಾಕಿ ಇದೆ.

ಅದು ಹೀಗೆ. ಅಮೆರಿಕದೊಂದಿಗಿನ ಅಣು ಒಪ್ಪಂದಕ್ಕಾಗಿ 2006ರಲ್ಲಿ ಭಾರತ ತನ್ನ ರಿಯಾಕ್ಟರುಗಳನ್ನು ಎರಡಾಗಿ ವಿಂಗಡಿಸಿತು. ಹದಿನಾಲ್ಕನ್ನು ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಗೆ ಒಪ್ಪಿಸಿತು, ಉಳಿದವನ್ನು ಹೊರಗಿಟ್ಟುಕೊಂಡಿತು. ಕೈಗಾದ ನಾಲ್ಕೂ ಘಟಕಗಳು ಹೊರಗೆ ಉಳಿದವು. ಅಲ್ಲಿ ಬಾಂಬಿನ ಸಾಮಗ್ರಿ ತಯಾರಾಗುತ್ತದೆ ಎಂದು ಇದರರ್ಥವಲ್ಲ. ಅಲ್ಲಿಯ ಬಳಸಿದ ಇಂಧನ ಎಲ್ಲಿಗೆ ಹೋಗುತ್ತದೆಂದು ಹೊರಗಿನವರಿಗೆ ಲೆಕ್ಕ ಒಪ್ಪಿಸಬೇಕಾಗಿಲ್ಲ ಎಂದಷ್ಟೇ ಅರ್ಥ. ಆದರೆ ಬೀಜಿಂಗ್‌ನಲ್ಲಿ ಕೂತು ನಕ್ಷೆ ನೋಡುವವನ ಕಣ್ಣಿಗೆ ಕೈಗಾ ಬರೀ ಕರೆಂಟಿನ ಕಾರ್ಖಾನೆಯಾಗಿ ಕಾಣಬೇಕಿಲ್ಲ. ಅದರ ಕೆಳಗೇ ಕಡಲತಡಿಯಲ್ಲಿ ಕದಂಬ ನೌಕಾನೆಲೆ. ಕೈಗಾದಿಂದ ನೇರ ತೆಂಕಕ್ಕೆ ಬಂದರೆ ಬೈಂದೂರಿಗೆ ಸುಮಾರು 110 ಕಿಲೋಮೀಟರ್. ಸ್ಥಾವರದ ತುರ್ತುಯೋಜನೆಯ ವಲಯ 16 ಕಿಲೋಮೀಟರಿಗೆ ಮುಗಿಯುತ್ತದೆ, ಅದು ಅಪಘಾತವನ್ನು ಮನಸ್ಸಿನಲ್ಲಿಟ್ಟು ಹಾಕಿದ ಗೆರೆ. ಯುದ್ಧದಲ್ಲಿ ಕ್ಷಿಪಣಿಯ ಏಟು ಬಿದ್ದರೆ ಗಾಳಿ ಆ ಗೆರೆಗೆ ನಿಲ್ಲುವುದಿಲ್ಲ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಘರ್ಷಣೆ ಎದ್ದಾಗ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆಗೆ ರಾಜ್ಯದಲ್ಲಿ ಆರಿಸಿದ ಸ್ಥಳಗಳಲ್ಲಿ ಕಾರವಾರವೂ ಇತ್ತು.

ಪಾಕಿಸ್ತಾನದ ಮಟ್ಟಿಗೆ ನಮಗೊಂದು ಕನಿಷ್ಠ ಭರವಸೆ ಇದೆ. ಪರಸ್ಪರರ ಅಣುಸ್ಥಾವರಗಳ ಮೇಲೆ ದಾಳಿ ಮಾಡಬಾರದೆಂದು 1988ರ ಡಿಸೆಂಬರ್ 31ರಂದು ಇಸ್ಲಾಮಾಬಾದಿನಲ್ಲಿ ಆದ ಒಪ್ಪಂದ ಅದು. ಪ್ರತಿ ವರ್ಷ ಜನವರಿ 1ರಂದು, ದೆಹಲಿಯಲ್ಲೂ ಇಸ್ಲಾಮಾಬಾದಿನಲ್ಲೂ ಒಂದೇ ಹೊತ್ತಿಗೆ, ಎರಡೂ ದೇಶಗಳ ರಾಜತಂತ್ರಜ್ಞರು ತಮ್ಮ ತಮ್ಮ ಅಣುಸ್ಥಾವರಗಳ ಪಟ್ಟಿಯನ್ನು ಮತ್ತೊಬ್ಬರ ಕೈಗೆ ಕೊಡುತ್ತಾರೆ. 1992ರಿಂದ ಶುರುವಾದದ್ದು ಕಾರ್ಗಿಲ್ ಕದನದ ಬಳಿಕವೂ ನಿಲ್ಲಲಿಲ್ಲ, ಮುಂಬೈ ದಾಳಿಯ ಬಳಿಕವೂ ನಿಲ್ಲಲಿಲ್ಲ. 2025ರ ಜನವರಿ 1ರದ್ದು 34ನೇ ಬಾರಿ. ಒಬ್ಬರನ್ನೊಬ್ಬರು ನಂಬದ ಎರಡು ದೇಶಗಳು ಒಂದು ಹಾಳೆಯನ್ನು ಮೂರು ದಶಕ ತಪ್ಪದೆ ಬದಲಾಯಿಸಿಕೊಂಡಿವೆ. ಹೆಚ್ಚು ಸುದ್ದಿಯಾಗದ ಈ ವಾಡಿಕೆಯನ್ನು ನಾನು ನಮ್ಮ ರಾಜತಂತ್ರದ ದೊಡ್ಡ ಸಾಧನೆಗಳಲ್ಲಿ ಎಣಿಸುತ್ತೇನೆ.

ಚೀನಾದ ಜೊತೆ ನಮಗೆ ಇಂಥ ಒಪ್ಪಂದವಿಲ್ಲ. ಅಣ್ವಸ್ತ್ರದ ವಿಚಾರವಾಗಿ ಕೂತು ಮಾತನಾಡುವ ಏರ್ಪಾಡೇ ಗಟ್ಟಿಯಾಗಿಲ್ಲ. ಭಾರತವನ್ನು ಅಣ್ವಸ್ತ್ರ ದೇಶವೆಂದು ಚೀನಾ ಒಪ್ಪುವುದಿಲ್ಲ, 1998ರ ಜೂನ್‌ನಲ್ಲಿ ಭದ್ರತಾ ಮಂಡಳಿ ಮಾಡಿದ 1172ನೇ ನಿರ್ಣಯವನ್ನು ಮುಂದಿಟ್ಟು ಜಾರಿಕೊಳ್ಳುತ್ತದೆ. ಹಾಗಿದ್ದೂ ಅಣ್ವಸ್ತ್ರವುಳ್ಳ ಒಂಬತ್ತು ದೇಶಗಳಲ್ಲಿ, ಮೊದಲು ಬಳಸುವುದಿಲ್ಲ ಎಂಬುದನ್ನೇ ತಮ್ಮ ಘೋಷಿತ ನೀತಿಯಾಗಿ ಇಟ್ಟುಕೊಂಡು ಬಂದ ದೇಶಗಳು ಇವೆರಡೇ. ಮಾತು ಆರಂಭಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇರೆಲ್ಲಿದೆ? 2024ರ ಅಕ್ಟೋಬರ್‌ನಲ್ಲಿ ಲಡಾಖ್‌ನ ಗಸ್ತಿನ ಕುರಿತು ಒಮ್ಮತ ಸಾಧ್ಯವಾಯಿತು. ಅಣುಸ್ಥಾವರಗಳ ಮೇಲೆ ದಾಳಿ ಮಾಡಬಾರದು, ಕ್ಷಿಪಣಿ ಪರೀಕ್ಷೆಗೆ ಮೊದಲು ತಿಳಿಸಬೇಕು ಎಂಬ ಎರಡು ಸಣ್ಣ ಪ್ರಸ್ತಾಪಗಳನ್ನು ದೆಹಲಿ ಬಹಿರಂಗವಾಗಿ ಇಟ್ಟರೆ ನಮ್ಮ ಸೇನಾಬಲ ಒಂದಿಷ್ಟೂ ಕುಂದುವುದಿಲ್ಲ. ಚೀನಾ ಒಪ್ಪದಿದ್ದರೆ ಅದರ ವಚನಕ್ಕೆ ಎಷ್ಟು ಬೆಲೆ ಎಂಬುದು ಜಗತ್ತಿಗೆ ತಿಳಿಯುತ್ತದೆ.

ಇಂಥ ಮಾತುಗಳಿಂದ ಚೀನಾ ಬದಲಾಗುತ್ತದೆಯೇ ಎಂದು ಅನುಮಾನಿಸುವವರ ಅನುಮಾನ ಸಕಾರಣವೇ. ಅದಕ್ಕಾಗಿಯೇ ಜಲಾಂತರ್ಗಾಮಿ ಬೇಕೆಂದದ್ದು. ಅದು ಇದ್ದರೆ ನಾವು ಹೆದರದೆ ಮಾತಿಗೆ ಕೂರಬಹುದು. ಮಾತನ್ನೇ ಬಿಟ್ಟುಬಿಟ್ಟರೆ ಎಷ್ಟು ಜಲಾಂತರ್ಗಾಮಿ ಇದ್ದರೂ ರಾಡಾರಿನ ಮುಂದೆ ಕೂತ ಯಾರೋ ಒಬ್ಬನ ತಾಳ್ಮೆಯ ಮೇಲೆ ನಮ್ಮೆಲ್ಲರ ಬದುಕು ನಿಂತಿರುತ್ತದೆ.

ಕುಂದಾಪುರ, ಬ್ರಹ್ಮಾವರದವರು ಉಡುಪಿ ಚಿಕ್ಕಮಗಳೂರು ಕ್ಷೇತ್ರದಲ್ಲಿ ಮತ ಹಾಕುತ್ತಾರೆ, ಬೈಂದೂರಿನವರು ಶಿವಮೊಗ್ಗ ಕ್ಷೇತ್ರದಲ್ಲಿ. ಹೀಗೆ ಈ ಮೂರು ತಾಲೂಕುಗಳಿಗೆ ಇಬ್ಬರು ಸಂಸದರಿದ್ದಾರೆ. ರಸ್ತೆ, ಬಂದರು, ರೈಲು ನಿಲುಗಡೆ ಕೇಳಲು ಹೋಗುವ ನಾವು ಮುಂದಿನ ಸಲ ಅವರ ಮುಂದೆ ಈ ಪ್ರಶ್ನೆಯನ್ನೂ ಇಡಬೇಕು, ಲೋಕಸಭೆಯಲ್ಲಿ ಕೇಳಿ ಲಿಖಿತ ಉತ್ತರ ತರಿಸಿಕೊಡಿ ಎನ್ನಬೇಕು: ಅಣುಸ್ಥಾವರಗಳ ಮೇಲೆ ದಾಳಿ ಮಾಡದಿರುವ ಒಪ್ಪಂದವನ್ನು ಭಾರತ ಸರ್ಕಾರ ಚೀನಾದ ಮುಂದೆ ಎಂದಾದರೂ ಇಟ್ಟಿದೆಯೇ, ಇಟ್ಟಿಲ್ಲವಾದರೆ ಏಕೆ? 1988ರ ಡಿಸೆಂಬರ್ ಮೂರನೇ ವಾರ ರಾಜೀವ್ ಗಾಂಧಿ ಬೀಜಿಂಗ್‌ಗೆ ಹೋಗಿ ಬಂದರು, ಅದೇ ತಿಂಗಳ ಕೊನೆಗೆ ಇಸ್ಲಾಮಾಬಾದಿಗೆ ಹೋದರು. ಆ ಒಪ್ಪಂದ ಆದದ್ದು ಇಸ್ಲಾಮಾಬಾದಿನಲ್ಲಿ ಮಾತ್ರ.